ಕಥೆಯಿಂದ ಬಿಟ್ಟ ಪುಟಗಳಲ್ಲಿ ಕಿರುಚಿತ್ರ: ನನ್ನ ಅನುಭವ

ಕಥೆ ಬರೆಯುವವನು ಕಿರುಚಿತ್ರಕ್ಕೂ ಕೈ ಹಾಕಿದರೆ ಎರಡೂ ಕೆಡುತ್ತವೆ ಎಂದು ನನಗೆ ಎಚ್ಚರಿಕೆ ಹೇಳಿದವರು ಒಬ್ಬಿಬ್ಬರಲ್ಲ. ಶಿರಸಿಯ ಹಿರಿಯ ಕಥೆಗಾರರೊಬ್ಬರು ‘ಎರಡು ದೋಣಿಯಲ್ಲಿ ಕಾಲಿಡಬೇಡ ತಮಾ’ ಎಂದರು. ಬೆಂಗಳೂರಿನಲ್ಲಿ ಚಿತ್ರ ಸಂಕಲನ ಮಾಡುವ ಗೆಳೆಯ ‘ನಿನ್ನ ಸಂಭಾಷಣೆಗೆ ಪುಸ್ತಕದ ವಾಸನೆ ಇದೆ’ ಎಂದ. ಲಂಕೇಶ್, ಕಾರ್ನಾಡ, ಕಂಬಾರರಂತೆ ಬರವಣಿಗೆಯನ್ನೂ ನಿರ್ದೇಶನವನ್ನೂ ಮಾಡಿದವರು ಕನ್ನಡದಲ್ಲೇ ಇರುವುದರಿಂದ ನಾನು ಆ ಮಾತನ್ನು ಒಪ್ಪಲಿಲ್ಲ. ಆದರೂ ಮೊದಲ ನಾಲ್ಕು ವರ್ಷ ಅವರು ಹೇಳಿದಂತೆಯೇ ಆಯಿತು. ಕಳೆದ ಎರಡು ವರ್ಷಗಳಲ್ಲಿ ಎರಡು ಕಥೆಗಳು ದೀಪಾವಳಿ ವಿಶೇಷಾಂಕಗಳಲ್ಲಿ ಅಚ್ಚಾಗಿವೆ, ಎರಡು ಕಿರುಚಿತ್ರಗಳು ಮುಗಿದಿವೆ, ಅವುಗಳಲ್ಲಿ ಒಂದು ಮೂರು ಚಿತ್ರೋತ್ಸವಗಳಿಗೆ ಆಯ್ಕೆಯಾಗಿದೆ. ಅದಕ್ಕಾಗಿಯೇ ಈಗ ಬರೆಯುತ್ತಿದ್ದೇನೆ.

ಮೊದಲ ಪ್ರಯತ್ನದಲ್ಲಿ, ಅಚ್ಚಾದ ನನ್ನದೇ ಕಥೆಯೊಂದನ್ನು ಚಿತ್ರ ಮಾಡಹೊರಟೆ. ಆ ಕಥೆಯ ಜೀವವೆಲ್ಲ ಒಬ್ಬ ಹೆಂಗಸು ಮನಸ್ಸಿನಲ್ಲೇ ಆಡಿಕೊಳ್ಳುವ ಮಾತಿನಲ್ಲಿತ್ತು. ಅದನ್ನು ತೆರೆಗೆ ತರಲು ಹಿನ್ನೆಲೆ ಧ್ವನಿಯ ಹೊರತು ಬೇರೆ ದಾರಿ ತೋಚಲಿಲ್ಲ. ಇಪ್ಪತ್ತೆರಡು ನಿಮಿಷದ ಚಿತ್ರ ಮುಗಿದಾಗ, ಯಾರೋ ಕಥೆ ಓದುತ್ತಿರುವಾಗ ಪಕ್ಕದಲ್ಲಿ ಚಿತ್ರಪಟ ತಿರುವಿದಂತಿತ್ತು. ಬಾಡಿಗೆ ಕ್ಯಾಮೆರಾ, ದೀಪಗಳು, ಜೀಪು, ಹದಿನಾಲ್ಕು ಮಂದಿಗೆ ಮೂರು ದಿನದ ಊಟ ಎಲ್ಲ ಸೇರಿ ಸುಮಾರು 85,000 ರೂಪಾಯಿ ಹೋಯಿತು. ಪಕ್ಕದ ತೋಟದ ಪಂಪ್‌ಸೆಟ್ಟಿನ ಸದ್ದು ಪ್ರತಿ ದೃಶ್ಯದಲ್ಲೂ ಸೇರಿಕೊಂಡಿದ್ದರಿಂದ ಡಬ್ಬಿಂಗಿಗೆ ಮತ್ತೆ ಹನ್ನೆರಡು ಸಾವಿರ ಬೇಕಾಯಿತು. ಆ ಇಡೀ ವರ್ಷ ನಾನು ಒಂದು ಕಥೆಯನ್ನೂ ಬರೆಯಲಿಲ್ಲ.

ಮುಂದಿನ ಸಲ ತಿರುವುಮುರುವು ಮಾಡಿ, ಮೊದಲು ಚಿತ್ರಕಥೆ ಬರೆದು ಅದರಿಂದ ಕಥೆ ಹೊರಡಿಸಿದೆ. ಹಣವೇನೋ ಉಳಿಯಿತು, ಕಥೆ ಉಳಿಯಲಿಲ್ಲ. ‘ಇದು ದೃಶ್ಯಗಳ ಪಟ್ಟಿ, ಕಥೆಯಲ್ಲ’ ಎಂಬ ಒಂದೇ ಸಾಲಿನೊಂದಿಗೆ ಸಂಪಾದಕರು ಅದನ್ನು ಹಿಂದಿರುಗಿಸಿದರು, ಮತ್ತು ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಕೊನೆಗೆ ಕೈ ಹಿಡಿದದ್ದು ಕಥೆಯಿಂದ ನಾನು ಹೊಡೆದುಹಾಕಿದ ಪುಟಗಳು. ತೋಟ ಮಾರುವ ಮುದುಕನೊಬ್ಬನ ಕಥೆ ಬರೆಯುತ್ತಿದ್ದಾಗ, ದಲ್ಲಾಳಿ ಜಗಲಿಯಲ್ಲಿ ಕುಳಿತು ಕಾಯುವ ಎರಡೂವರೆ ಪುಟ ಕಥೆಯ ಓಟವನ್ನು ನಿಲ್ಲಿಸುತ್ತಿತ್ತು, ಆದ್ದರಿಂದ ತೆಗೆದೆ. ಒಳಗಿನಿಂದ ಬರುವ ಕಾಫಿ, ಮುಟ್ಟದೆ ಬಿಟ್ಟ ಲೋಟ, ಅಂಗಳದಲ್ಲಿ ಅಡಿಕೆ ಹರವಿದ್ದನ್ನು ದಲ್ಲಾಳಿಯ ಕಣ್ಣು ಅಳೆಯುವ ರೀತಿ, ಇಷ್ಟೇ ಅದರಲ್ಲಿದ್ದದ್ದು. ತಿಂಗಳ ನಂತರ ಓದಿದಾಗ, ಕಥೆಗೆ ಭಾರವಾಗಿದ್ದ ಆ ಪುಟಗಳಲ್ಲಿ ಕ್ಯಾಮೆರಾಕ್ಕೆ ಬೇಕಾದದ್ದೆಲ್ಲ ಇದೆ ಎಂದು ಕಂಡಿತು. ಮನಸ್ಸಿನೊಳಗಿನದು ಕಥೆಯಲ್ಲೇ ಉಳಿದಿತ್ತು, ಕೈ, ಕಣ್ಣು, ಪಾತ್ರೆಗಳು ಮಾಡುವ ಕೆಲಸವೆಲ್ಲ ಬಿಟ್ಟ ಪುಟಗಳಿಗೆ ಹೋಗಿತ್ತು. ಎಂಟೇ ಮಾತುಗಳಿರುವ ಹನ್ನೊಂದು ನಿಮಿಷದ ಚಿತ್ರ ಅದರಿಂದ ಆಯಿತು. ಅಂದಿನಿಂದ ಹೊಡೆದುಹಾಕಿದ ಯಾವ ಪುಟವನ್ನೂ ಹರಿದಿಲ್ಲ. ಅವುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ನಾನು ಮಾಡುವ ಒಂದು ಪರೀಕ್ಷೆಯಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ವರ್ಷವನ್ನು ಹಂಚಿಕೊಳ್ಳುವುದಕ್ಕೆ ನಮ್ಮ ಊರಿನ ಹವೆಯೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ದಿನಗಟ್ಟಲೆ ವಿದ್ಯುತ್ ಇರುವುದಿಲ್ಲ. ಆಗ ಕೈಬರಹದಲ್ಲಿ ಕಥೆ ಮಾತ್ರ. ಅಕ್ಟೋಬರಿನಲ್ಲಿ ಬಿಟ್ಟ ಪುಟಗಳನ್ನು ತೆರೆಯುತ್ತೇನೆ. ನವೆಂಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲಿನ ಕಾಲವಾದ್ದರಿಂದ ಯಾರ ಅಂಗಳವೂ ಸಿಗದು, ಯಾರಿಗೂ ಬಿಡುವಿರದು. ಆ ದಿನಗಳು ಚಿತ್ರಕಥೆಗೆ. ಫೆಬ್ರವರಿಯಲ್ಲಿ ಎರಡು ದಿನ ಚಿತ್ರೀಕರಣ. ಒಂದರ ಕಾಲದಲ್ಲಿ ಇನ್ನೊಂದನ್ನು ಮುಟ್ಟುವುದಿಲ್ಲ ಎಂಬ ನಿಯಮವನ್ನು ಒಮ್ಮೆ ಮುರಿದಿದ್ದೆ. ಜುಲೈ ತಿಂಗಳಲ್ಲಿ ಸಂಕಲನಕ್ಕೆ ಕುಳಿತ ಆ ವರ್ಷದ ಕಥೆಯನ್ನು ಇಂದಿಗೂ ಮುಗಿಸಲಾಗಿಲ್ಲ.

ಅಡಿಕೆ ತೋಟದೊಳಗೆ ಚಿತ್ರೀಕರಿಸಿದವರಿಗೆ ಮುಖದ ಮೇಲೆ ಬೀಳುವ ಬಿಸಿಲು ನೆರಳಿನ ಚುಕ್ಕೆಗಳ ಕಾಟ ಗೊತ್ತೇ ಇದೆ. ಬಾಡಿಗೆಗೆ ಪರದೆ ತರಿಸುವ ಬದಲು, ಎರಡು ಬಿಳಿ ಪಂಚೆಗಳನ್ನು ಹೊಲಿಸಿ ಅಡಿಕೆ ದಬ್ಬೆಗೆ ಕಟ್ಟಿ ನಟರ ತಲೆಯ ಮೇಲೆ ಹಿಡಿಸಿದೆ. ಬೆಳಕು ಹಾಲಿನಂತೆ ಇಳಿಯಿತು. ಪಂಪ್‌ಸೆಟ್ ನಿಲ್ಲಿಸಿ ಎಂದು ನೆರೆಯವರನ್ನು ಕೇಳುವುದು ನ್ಯಾಯವಲ್ಲ, ಪಂಪಿಗೆ ಬೇಕಾದ ತ್ರೀಫೇಸ್ ವಿದ್ಯುತ್ ಬಂದಾಗಲೇ ಅವರೂ ನೀರು ಹಾಯಿಸಬೇಕು. ಆದ್ದರಿಂದ ತ್ರೀಫೇಸ್ ಬರುವ ಹೊತ್ತನ್ನು ಮೊದಲೇ ವಿಚಾರಿಸಿ, ಮಾತಿಲ್ಲದ ದೃಶ್ಯಗಳನ್ನು ಆ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಮನೆಯೊಳಗಿನ ದೀಪಗಳು ತೆರೆಯ ಮೇಲೆ ಮಿಣುಕುತ್ತಿದ್ದುದಕ್ಕೆ ಒಂದು ವರ್ಷ ಕಾರಣ ತಿಳಿಯಲಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು ಎಂಬುದನ್ನು ಮರೆತು ಕ್ಯಾಮೆರಾದ ಶಟರನ್ನು ಸೆಕೆಂಡಿನ 1/60ರಲ್ಲಿ ಇಟ್ಟಿದ್ದೆ. ಸೆಕೆಂಡಿಗೆ 25 ಫ್ರೇಮಿನಂತೆ ಚಿತ್ರಿಸಿ ಶಟರನ್ನು 1/50ಕ್ಕೆ ಇಟ್ಟ ಮೇಲೆ ಸರಿಹೋಯಿತು.

ಮುದುಕನ ಪಾತ್ರಕ್ಕೆ ಸಿಕ್ಕವರು ಮೂವತ್ತು ವರ್ಷ ಯಕ್ಷಗಾನದಲ್ಲಿ ವೇಷ ಮಾಡಿದವರು. ಎಂಥ ಮಾತನ್ನು ಕೊಟ್ಟರೂ ಅದು ಬಯಲಿನ ಕೊನೆಯ ಸಾಲಿನವರಿಗೂ ಕೇಳುವಂತೆ ಹೊರಡುತ್ತಿತ್ತು. ‘ಮೆಲ್ಲಗೆ ಹೇಳಿ’ ಎಂದಷ್ಟೂ ಮಾತು ಕೃತಕವಾಗುತ್ತಿತ್ತು. ಅರ್ಧ ದಿನ ಕಳೆದ ಮೇಲೆ, ಅವರ ಮುಂದೆ ಮೆಟ್ಟುಗತ್ತಿ ಇಟ್ಟು ಅಡಿಕೆ ಸುಲಿಯುತ್ತಲೇ ಮಾತಾಡಿ ಎಂದು ಕೇಳಿಕೊಂಡೆ. ಬೆರಳಿನ ಮೇಲೆ ಗಮನ ಹೋದೊಡನೆ ದನಿ ತಾನಾಗಿ ಇಳಿಯಿತು. ಆ ದೃಶ್ಯವನ್ನು ಎರಡನೆಯ ಟೇಕಿನಲ್ಲೇ ಮುಗಿಸಿದೆವು. ಇದಾದ ನಂತರ ಕಥೆಯ ಸಂಭಾಷಣೆಗೂ ಒಂದು ಪ್ರಯೋಗ ಮಾಡಿದೆ. ಬರೆದ ಮಾತನ್ನು ತೆಂಗಿನಕಾಯಿ ತುರಿಯುತ್ತಿರುವ ಅತ್ತಿಗೆಯ ಬಾಯಲ್ಲಿ ಹೇಳಿಸಿ ಮೊಬೈಲಿನಲ್ಲಿ ಹಿಡಿದು ಕೇಳುತ್ತೇನೆ. ಅವರು ಎಡವಿದ ಪ್ರತಿ ಪದವನ್ನೂ ತೆಗೆಯುತ್ತೇನೆ. ಪುಸ್ತಕದ ವಾಸನೆ ಎಂದಿದ್ದ ಗೆಳೆಯ ಈಗ ಆ ಮಾತನ್ನು ಆಡುವುದಿಲ್ಲ.

ಅಕ್ಷರದ ತೊಂದರೆಯೊಂದನ್ನು ಹೇಳಿಬಿಡುತ್ತೇನೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ಉಪಶೀರ್ಷಿಕೆಗೆ ಹಾಕಲು ಹೋಗಿ ಒಂದು ರಾತ್ರಿ ಕಳೆದೆ, ತೆರೆಯ ಮೇಲೆ ಬಂದದ್ದು ಅರ್ಥವಿಲ್ಲದ ಗುರುತುಗಳು. ಈಗ ಎಲ್ಲವನ್ನೂ ಎಲ್ಲ ಕಡೆಯೂ ಓದಲು ಬರುವ ಯೂನಿಕೋಡಿನಲ್ಲೇ ಇಟ್ಟು, ಪತ್ರಿಕೆ ಕೇಳಿದರೆ ಮಾತ್ರ ಪರಿವರ್ತಿಸಿ ಕಳಿಸುತ್ತೇನೆ.

ದಲ್ಲಾಳಿಯ ಚಿತ್ರಕ್ಕೆ ಆದ ಖರ್ಚು 23,000 ರೂಪಾಯಿಯ ಆಸುಪಾಸು. ಕ್ಯಾಮೆರಾ ಗೆಳೆಯನದು, 50 ಎಂಎಂ ಲೆನ್ಸ್ ನನ್ನದು, ಸಂಕಲನ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ. ತಂಡ ಐದೇ ಮಂದಿ. ಹಣದ ಬಹುಪಾಲು ಧ್ವನಿಗೇ ಹೋಯಿತು, ಅದರಲ್ಲಿ ಕೈ ಬಿಗಿ ಹಿಡಿಯಬಾರದು. ಕಥೆಗಳ ಸಂಭಾವನೆ ಎರಡೂ ಸೇರಿ ಮೂರೂವರೆ ಸಾವಿರ ಬಂದಿರಬಹುದು, ಅದು ಊಟದ ಖರ್ಚಿಗಾಯಿತು. ಮೊದಲ ಚಿತ್ರವನ್ನು ಸಿಕ್ಕ ಸಿಕ್ಕ ಹನ್ನೊಂದು ಉತ್ಸವಗಳಿಗೆ ಕಳಿಸಿ ಪ್ರವೇಶ ಶುಲ್ಕವೆಂದೇ ಹದಿನೆಂಟು ಸಾವಿರ ತೆತ್ತಿದ್ದೆ, ಒಂದರಿಂದಲೂ ಆಯ್ಕೆಯ ಉತ್ತರ ಬರಲಿಲ್ಲ. ಈ ಸಲ ಹಿಂದಿನ ವರ್ಷಗಳಲ್ಲಿ ಉತ್ಸವದವರು ಆರಿಸಿದ ಚಿತ್ರಗಳನ್ನು ನೋಡಿಕೊಂಡು ಐದಕ್ಕೆ ಮಾತ್ರ ಕಳಿಸಿದೆ.

ಮಳೆಗಾಲದ ದೃಶ್ಯವೊಂದನ್ನು ಈ ಪದ್ಧತಿಯಲ್ಲಿ ಹೇಗೆ ಮಾಡುವುದು ಎಂಬುದು ಇನ್ನೂ ಬಗೆಹರಿದಿಲ್ಲ, ಏಕೆಂದರೆ ಮಳೆಯ ತಿಂಗಳುಗಳು ಕಥೆಗೆ ಮೀಸಲು. ಕಳೆದ ವರ್ಷ ಬಿಟ್ಟ ಪುಟಗಳಲ್ಲಿ ಹೊಳೆ ದಾಟಲು ಕಾಯುವ ಶಾಲೆಯ ಮಕ್ಕಳಿದ್ದಾರೆ. ಮೇ ಕೊನೆಯ ಮೊದಲ ಮಳೆಗೆ ಒಂದೇ ದಿನದಲ್ಲಿ ಅದನ್ನು ಹಿಡಿಯಬೇಕೆಂದು ಮಕ್ಕಳ ಮನೆಯವರ ಒಪ್ಪಿಗೆ ಪಡೆದು, ಕ್ಯಾಮೆರಾಕ್ಕೆ ಹೊದಿಸಲು ಅಡಿಕೆ ಮುಚ್ಚುವ ತಾಡಪಾಲಿನ ತುಂಡೊಂದನ್ನು ಹೊಲಿಸಿ ಇಟ್ಟಿದ್ದೇನೆ.