ಗ್ರಾನೈಟ್ ಕಂಬಕ್ಕೆ ಸ್ಟೀಲ್ ನಾಮಫಲಕ ಅಂಟಿಸುವ ಬಗೆ

ರಾಯಚೂರಿನಲ್ಲಿ ನಾಮಫಲಕ ಮಾಡಿ ಕೂರಿಸುವುದು ನನ್ನ ಕಸುಬು. ಫಲಕ ಕಳಚಿ ಬಿದ್ದರೆ ಜನ ಅಂಟನ್ನು ದೂರುತ್ತಾರೆ. ನಾನು ಮೊದಲು ಫಲಕದ ಬೆನ್ನು ನೋಡುತ್ತೇನೆ. ಅಂಟೆಲ್ಲ ಕಲ್ಲಿನ ಮೇಲೇ ಉಳಿದು ಸ್ಟೀಲ್ ಬರಿದಾಗಿ ಹೊಳೆಯುತ್ತಿದ್ದರೆ ಸ್ಟೀಲಿನ ಮೈ ಸಿದ್ಧವಾಗಿರಲಿಲ್ಲ ಎಂದರ್ಥ. ಎರಡೂ ಕಡೆ ಅಂಟು ಉಳಿದು ನಡುವೆ ಹರಿದಿದ್ದರೆ ಮಾತ್ರ ಅಂಟನ್ನು ಅನುಮಾನಿಸಬೇಕು.

ಇಂಥ ಕೆಲಸಕ್ಕೆ ಬಳಸುವ ಎಪಾಕ್ಸಿ ಎರಡು ಭಾಗಗಳ ಅಂಟು: ರಾಳ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಇವೆರಡೂ ಬೆರೆತಾಗ ಅಣುಗಳು ಹೆಣೆದುಕೊಂಡು ಬಲೆಯಾಗುತ್ತವೆ. ಈ ಬಲೆ ಎಲ್ಲೆಡೆ ಒಂದೇ ತೆರನಾಗಿರುವುದಿಲ್ಲ. ಲೋಹದ ಆಕ್ಸೈಡ್ ಪದರವನ್ನು ಹಿಡಿದುಕೊಂಡ ಅಣುಗಳಿಗೆ ಅಲುಗಾಡಲು ಎಡೆ ಕಡಿಮೆ. ಹಾರ್ಡನರಿನಲ್ಲಿರುವ ಅಮೈನ್ ಎಂಬ ರಾಸಾಯನಿಕ ಲೋಹದತ್ತ ಹೆಚ್ಚು ಸೇರಿಕೊಂಡರೆ ಅಲ್ಲಿನ ಬೆರಕೆಯ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿ ಮೈಗೆ ತಾಗಿದ ಅಂಟಿನ ಗಡಸುತನವಾಗಲಿ, ಅದು ಮೆತ್ತಗಾಗುವ ಉಷ್ಣತೆಯಾಗಲಿ ನಡುವಿನ ಅಂಟಿನದರಂತೆಯೇ ಇರಬೇಕಿಲ್ಲ. ಡಬ್ಬಿಯ ಮೇಲಿನ ಬಲದ ಅಂಕಿಯನ್ನು ಎಣ್ಣೆಗೈ ತಾಗಿದ ಫಲಕದ ಮೇಲೆ ನಿರೀಕ್ಷಿಸಬೇಡಿ.

ಮೊದಲು ಸ್ಟೀಲನ್ನು ಅಸಿಟೋನ್‌ನಿಂದ ಒರೆಸಿ, ಆಮೇಲೆ 80ರ (ಒರಟು) ಉಪ್ಪು ಕಾಗದದಿಂದ ಉಜ್ಜಿ. ಈ ಕ್ರಮ ತಪ್ಪಿದರೆ ಜಿಡ್ಡು ಗೀರುಗಳೊಳಗೆ ಇಳಿಯುತ್ತದೆ. ಪಾಲಿಶ್ ಗ್ರಾನೈಟಿನ ಹೊಳಪನ್ನೂ ತೆಗೆಯಿರಿ. ದೂಳು ಒರೆಸಿ ಸ್ಟೀಲಿನ ಮೇಲೆ ನೀರು ಚಿಮುಕಿಸಿ: ತೆಳುವಾಗಿ ಹರಡಿದರೆ ಮೈ ಶುದ್ಧ, ಹನಿಗಟ್ಟಿದರೆ ಮತ್ತೆ ಒರೆಸಿ ಉಜ್ಜಬೇಕು. ಪೂರ್ತಿ ಒಣಗಿಸಿ, ಬೆರಳು ತಾಗಿಸದೆ, ತಡಮಾಡದೆ ಅಂಟು ಹಚ್ಚಿ.

ಒತ್ತಿ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡುವ ಅಭ್ಯಾಸ ನನಗೆ ಒಪ್ಪಿಗೆಯಿಲ್ಲ. ಸುಮಾರು 0.2 ಮಿಲಿಮೀಟರ್ ದಪ್ಪದ ತಾಮ್ರದ ಎಳೆಯ ತುಂಡುಗಳನ್ನು ನಡುವೆ ಇಟ್ಟರೆ ಅಷ್ಟು ಪದರ ಉಳಿಯುತ್ತದೆ. ಟೇಪ್ ಹಾಕಿ 24 ಗಂಟೆ ನೆರಳಿನಲ್ಲಿ ಅಲುಗಾಡದಂತೆ ಬಿಡಿ.

ನಮ್ಮೂರಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾದ ಸಾಮಾನ್ಯ ಎಪಾಕ್ಸಿಗಳಲ್ಲಿ ಹಲವು 50–60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತವೆ. ಪಶ್ಚಿಮಕ್ಕೆ ಮುಖಮಾಡಿದ ಫಲಕ ಏಪ್ರಿಲ್ ಮಧ್ಯಾಹ್ನ ಅಷ್ಟು ಕಾಯಬಲ್ಲದು. ಮೇಲಾಗಿ ಬಿಸಿಗೆ 304 ಸ್ಟೀಲ್ (ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲ್) ಗ್ರಾನೈಟಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 60 ಸೆಂಟಿಮೀಟರ್ ಫಲಕ 40 ಡಿಗ್ರಿ ಬಿಸಿಯಾದರೆ ಕಲ್ಲಿಗೂ ಅದಕ್ಕೂ ಸುಮಾರು 0.2 ಮಿಲಿಮೀಟರ್ ವ್ಯತ್ಯಾಸ. ತೆಳು, ಗಡಸು ಅಂಟು ದಿನವೂ ಈ ಎಳೆತವನ್ನು ತಾಳಬೇಕು. ಅದಕ್ಕೇ ದೊಡ್ಡ ಫಲಕಗಳಿಗೆ ನಾನು ಎಪಾಕ್ಸಿ ಬಿಟ್ಟು, ಹುಳಿ ವಾಸನೆ ಬಾರದ ನ್ಯೂಟ್ರಲ್ ಸಿಲಿಕೋನನ್ನು 2 ಮಿಲಿಮೀಟರ್ ದಪ್ಪಕ್ಕೆ ಪಟ್ಟಿ ಪಟ್ಟಿಯಾಗಿ ಹಚ್ಚುತ್ತೇನೆ. ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುವುದರಿಂದ ಪಟ್ಟಿಗಳ ನಡುವೆ ಸಂದು ಬಿಡಿ.