ಮಳೆಗಾಲದಲ್ಲಿ ನಿಲ್ಲಿಸಿದ ಹಳೆಯ ಕಾರಿನ ಬ್ಯಾಟರಿ: ನನ್ನ ಅನುಭವ

ಚಿಕ್ಕಮಗಳೂರಿನಿಂದ ಮೂಡಿಗೆರೆಯ ಕಡೆಗೆ ಹೋಗುವ ದಾರಿಯ ತೋಟವೊಂದರಲ್ಲಿ ನಾನು ಹಳೆಯ ಪ್ರೀಮಿಯರ್ ಪದ್ಮಿನಿಯೊಂದನ್ನು ಮತ್ತು ಅದಕ್ಕಿಂತ ಹಳೆಯದಾದ ಜೀಪೊಂದನ್ನು ಉಳಿಸಿಕೊಂಡಿದ್ದೇನೆ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಇವೆರಡನ್ನೂ ಶೆಡ್ಡಿಗೆ ಸೇರಿಸಿದರೆ, ಮತ್ತೆ ರಸ್ತೆಗೆ ತರುವುದು ಅಕ್ಟೋಬರಿನಲ್ಲಿ ಬಿಸಿಲು ಗಟ್ಟಿಯಾದ ಮೇಲೆಯೇ. ಇಷ್ಟು ಕಾಲ ನಿಲ್ಲುವ ವಾಹನದ ತುಕ್ಕು, ಟೈರು, ಸೀಟಿನ ಬೂಷ್ಟುಗಳ ಬಗ್ಗೆ ನಮ್ಮಲ್ಲಿ ಎಲ್ಲರೂ ಎಚ್ಚರ ವಹಿಸುತ್ತಾರೆ. ಬ್ಯಾಟರಿಯ ನೆನಪು ಮಾತ್ರ ಸೆಲ್ಫ್ ತಿರುಗದ ದಿನವೇ ಬರುತ್ತದೆ. ನಿಂತ ಬ್ಯಾಟರಿ ಹಾಳಾಗುವುದು ಬಹುಮಟ್ಟಿಗೆ ಅರೆ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಎಂಬುದೇ ನಾನು ಒತ್ತಿ ಹೇಳಬೇಕಾದ ಮಾತು.

ಲೆಡ್-ಆಸಿಡ್ ಬ್ಯಾಟರಿ ಯಾವ ತಂತಿಯೂ ಇಲ್ಲದೆ ಸುಮ್ಮನಿದ್ದರೂ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ. ಇಳಿದಂತೆಲ್ಲ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ, ಬಹುಕಾಲ ಬಿಟ್ಟರೆ ಗಟ್ಟಿ ಹರಳಾಗಿ ಚಾರ್ಜನ್ನೇ ಸ್ವೀಕರಿಸದಂತಾಗುತ್ತದೆ. ಆದ್ದರಿಂದ ನಾನು ಅಂದಾಜನ್ನು ನಂಬದೆ ಮಲ್ಟಿಮೀಟರನ್ನು ನಂಬುತ್ತೇನೆ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಅಥವಾ ಅದಕ್ಕಿಂತ ತುಸು ಹೆಚ್ಚಿದ್ದರೆ ಬ್ಯಾಟರಿ ತುಂಬಿದೆ, 12.4ಕ್ಕೆ ಇಳಿದರೆ ಮತ್ತೆ ಚಾರ್ಜಿಗೆ ಹಾಕುತ್ತೇನೆ, 12.2 ಎಂದರೆ ಸುಮಾರು ಅರ್ಧ ಖಾಲಿಯಾದಂತೆ, ಅಲ್ಲಿಯವರೆಗೆ ಬಿಡುವುದಿಲ್ಲ. ಮುಚ್ಚಳ ತೆರೆಯಬಹುದಾದ ಬ್ಯಾಟರಿಯಾದರೆ ಆಸಿಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಆರೂ ಸೆಲ್‌ಗಳನ್ನು ನೋಡುವುದು ಇನ್ನೂ ಒಳ್ಳೆಯದು, ಏಕೆಂದರೆ ಐದು ಸರಿಯಿದ್ದು ಒಂದೇ ಸೆಲ್ ಸೋತಿದ್ದರೆ ಅದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವಾರಕ್ಕೊಮ್ಮೆ ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ ನಿಲ್ಲಿಸುವ ಪದ್ಧತಿ ನಮ್ಮ ತೋಟಗಳಲ್ಲಿ ಬೇರೂರಿದೆ. ಬ್ಯಾಟರಿಯ ಮಟ್ಟಿಗೆ ಇದರಿಂದ ಹಾನಿಯೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಲ್ಫ್ ಹೊಡೆಯುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಹೋಗುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡಲು ಡೈನಮೊ ಇರುವ ಹಳೆಯ ಎಂಜಿನ್ ಐಡ್ಲಿಂಗಿನಲ್ಲಿ ಹೆಚ್ಚುಕಡಿಮೆ ಏನನ್ನೂ ಹಿಂತಿರುಗಿಸುವುದಿಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗುತ್ತಿರುವುದೇ ಅದಕ್ಕೆ ಸಾಕ್ಷಿ. ಜೊತೆಗೆ ಪೂರ್ತಿ ಬಿಸಿಯಾಗದ ಎಂಜಿನ್ನಿನ ಆಯಿಲಿನಲ್ಲಿಯೂ ಸೈಲೆನ್ಸರಿನಲ್ಲಿಯೂ ನೀರಿನ ಪಸೆ ಉಳಿಯುತ್ತದೆ. ಓಡಿಸುವುದಾದರೆ ರಸ್ತೆಯಲ್ಲಿ ಸಾಕಷ್ಟು ದೂರ ಓಡಿಸಬೇಕು, ಇಲ್ಲವಾದರೆ ಮುಟ್ಟದೆ ಬಿಡಬೇಕು.

ನಾನು ಮಳೆಗಾಲಕ್ಕೆ ಬ್ಯಾಟರಿಯನ್ನು ಕಾರಿನಿಂದ ಹೊರಗೇ ತೆಗೆದಿಡುತ್ತೇನೆ. ಇದಕ್ಕೆ ಕಾರಣ ಚಾರ್ಜ್ ಒಂದೇ ಅಲ್ಲ. ಮಳೆಗೆ ಬೆಚ್ಚಗಿನ ಜಾಗ ಹುಡುಕಿ ಬರುವ ಇಲಿಗಳು ವೈರಿನ ಹೊದಿಕೆಯನ್ನು ಕಡಿಯುತ್ತವೆ. ಹಳೆಯ ಕಾರುಗಳಲ್ಲಿ ಫ್ಯೂಸುಗಳು ಕೆಲವೇ, ಬ್ಯಾಟರಿಯಿಂದ ಹೊರಡುವ ಮುಖ್ಯ ತಂತಿಗಳಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ, ಹಾಗಾಗಿ ಹೊದಿಕೆ ಹೋದ ತಂತಿ ಲೋಹಕ್ಕೆ ತಾಗಿದರೆ ಬೆಂಕಿಯೇ ಹತ್ತಬಹುದು. ಡೈನಮೊದ ಕಟ್‌ಔಟ್ (ಡೈನಮೊ ನಿಂತಾಗ ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್ಚು) ಅಂಟಿಕೊಂಡರಂತೂ ಬ್ಯಾಟರಿಯ ವಿದ್ಯುತ್ತು ನಿಂತ ಡೈನಮೊದೊಳಕ್ಕೆ ಹರಿದು ಅದನ್ನು ಸುಡಬಲ್ಲದು. ಪಕ್ಕದಲ್ಲೇ ಕಾರ್ಬ್ಯುರೇಟರಿನ ಪೆಟ್ರೋಲು ಇರುತ್ತದೆ ಎಂಬುದನ್ನು ನೆನೆದರೆ ಬೇರೆ ವಾದ ಬೇಕಾಗುವುದಿಲ್ಲ.

ಬಿಚ್ಚುವಾಗ ಕಾರಿನ ಲೋಹದ ಬಾಡಿಗೆ ಜೋಡಿಸಿದ ಅರ್ಥ್ ತಂತಿಯನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಬೇಕು; ಆಗ ಇನ್ನೊಂದು ಟರ್ಮಿನಲಿನ ಮೇಲಿರುವ ಸ್ಪಾನರ್ ಜಾರಿ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಅರ್ಥ್ ಎಂದರೆ ನೆಗೆಟಿವ್, ಆದರೆ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು. ಆದ್ದರಿಂದ ಬಣ್ಣ ನೋಡಿ ತೀರ್ಮಾನಿಸದೆ ತಂತಿ ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳಬೇಕು. ಉಂಗುರ, ಗಡಿಯಾರಗಳನ್ನು ಕಳಚಿಟ್ಟೇ ನಾನು ಕೈ ಹಾಕುತ್ತೇನೆ.

ಇಡುವ ಜಾಗದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ಒಣಗಬೇಕಾದ ಎಲ್ಲವನ್ನೂ ನಾವು ಬಚ್ಚಲೊಲೆಯ ಹತ್ತಿರ ಇಡುತ್ತೇವೆ. ಬ್ಯಾಟರಿಯನ್ನು ಮಾತ್ರ ಅಲ್ಲಿ ಎಂದೂ ಇಡಬಾರದು. ಶಾಖ ಹೆಚ್ಚಿದಷ್ಟೂ ಅದು ಬೇಗ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ, ಗಾಳಿಯಲ್ಲಿ ಅದು ಶೇ. 4ರಷ್ಟಾದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ನಾನು ಗಾಳಿ ಆಡುವ, ಮಕ್ಕಳ ಕೈಗೆ ಸಿಗದ ಹಿಂದಿನ ಜಗುಲಿಯ ಬೆಂಚಿನ ಮೇಲೆ ಇಡುತ್ತೇನೆ. ಸಿಮೆಂಟ್ ನೆಲ ಬ್ಯಾಟರಿಯ ಶಕ್ತಿಯನ್ನು ಹೀರುತ್ತದೆ ಎಂಬ ಮಾತು ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಯ ಬ್ಯಾಟರಿಗಳಿಗೆ ಅನ್ವಯಿಸುವುದಿಲ್ಲ. ಬೆಂಚು ಕೇವಲ ನನ್ನ ಸೊಂಟದ ಅನುಕೂಲಕ್ಕೆ.

ಚಾರ್ಜರಿನ ಕ್ಲಿಪ್‌ಗಳನ್ನು ಸ್ವಿಚ್ ಆಫ್ ಇರುವಾಗಲೇ ಹಾಕಿ, ಆಫ್ ಮಾಡಿದ ಮೇಲೆಯೇ ತೆಗೆಯುತ್ತೇನೆ. ಬ್ಯಾಟರಿಯ ಸಾಮರ್ಥ್ಯವನ್ನು ಹೇಳುವ ಆಂಪಿಯರ್-ಗಂಟೆಯ (Ah) ಸಂಖ್ಯೆಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿನ ಕರೆಂಟು ಕೊಡುವುದಿಲ್ಲ. ತುಂಬಿದ ಮೇಲೆ ತಾನೇ ಇಳಿಸಿಕೊಳ್ಳುವ ಚಾರ್ಜರ್ ಇದ್ದರೆ ಅನುಕೂಲ. ಆದರೆ ನಮ್ಮಲ್ಲಿ ಗಾಳಿಮಳೆಗೆ ಕರೆಂಟು ಹೋಗಿ ಬರುವುದು ನಿತ್ಯದ ಸಂಗತಿಯಾದ್ದರಿಂದ, ಕರೆಂಟು ಮರಳಿದಾಗ ಅದು ತನ್ನಷ್ಟಕ್ಕೆ ಸರಿಯಾಗಿ ಮುಂದುವರಿಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು. ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡುತ್ತೇನೆ. ಸಾಮಾನ್ಯ ಚಾರ್ಜರನ್ನು ಹಚ್ಚಿ ಮರೆತುಬಿಡುವುದಂತೂ ಸಲ್ಲದು, ಅದು ನೀರನ್ನು ಅನಿಲಗಳಾಗಿ ಒಡೆದು ಖಾಲಿಮಾಡಿ ಪ್ಲೇಟುಗಳು ನೀರಿನಿಂದ ಹೊರಗೆ ಉಳಿಯುವಂತೆ ಮಾಡುತ್ತದೆ.

ನೀರು ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಆಸಿಡ್ ಅಲ್ಲ, ಬಾವಿಯ ನೀರೂ ಅಲ್ಲ. ಪ್ಲೇಟು ಮುಳುಗುವಷ್ಟು ಮೊದಲೇ ಇದ್ದರೆ ಚಾರ್ಜಾದ ಮೇಲೆ ಗುರುತಿನವರೆಗೆ ತುಂಬುವುದು ಸರಿ. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಆ ನೀರು ಸೆಲ್‌ನೊಳಗೆ ಹೋಗದಂತೆ ನೋಡಿಕೊಂಡು, ಒಣಗಿಸಿ ವ್ಯಾಸಲಿನ್ ಹಚ್ಚುತ್ತೇನೆ. ಕನ್ನಡಕ ಹಾಕದೆ ಈ ಕೆಲಸಕ್ಕೆ ಯಾರನ್ನೂ ಬಿಡುವುದಿಲ್ಲ. ಆಸಿಡ್ ಕಣ್ಣಿಗೆ ಸಿಡಿದರೆ ಹದಿನೈದು-ಇಪ್ಪತ್ತು ನಿಮಿಷ ಧಾರಾಳವಾಗಿ ನೀರು ಹಾಯಿಸಿ ನೇರ ಆಸ್ಪತ್ರೆಗೆ ಹೋಗಬೇಕು.

ಪೂರ್ತಿ ಚಾರ್ಜ್ ಮಾಡಿ ಎರಡು ದಿನ ಬಿಟ್ಟು ಅಳೆದಾಗ 12.4 ವೋಲ್ಟನ್ನೂ ಉಳಿಸಿಕೊಳ್ಳದ ಬ್ಯಾಟರಿಯನ್ನು ನಾನು ಕಾರಿಗೆ ಮರಳಿ ಹಾಕುವುದಿಲ್ಲ. ಅದನ್ನು ಗುಜರಿಯವನಿಗೆ ಕೊಟ್ಟರೆ ಒಡೆದು ಆಸಿಡನ್ನು ಹಳ್ಳಕ್ಕೆ ಸುರಿಯುವ ಭಯವಿರುವುದರಿಂದ, ಹೊಸದನ್ನು ಕೊಳ್ಳುವ ಅಂಗಡಿಗೇ ಒಪ್ಪಿಸಿ ಬೆಲೆಯಲ್ಲಿ ಮುರಿಸಿಕೊಳ್ಳುತ್ತೇನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.