ಬೆಣ್ಣೆ, ಕೆನೆ ಇಲ್ಲದೆಯೂ ಗಟ್ಟಿಯಾದ ತರಕಾರಿ ಸೂಪ್

ಹಾಲಿನ ಪದಾರ್ಥ ಬಿಟ್ಟವರು ಸೂಪ್ ಎಂದರೆ ತಿಳಿನೀರು ಎಂದುಕೊಳ್ಳಬೇಕಾಗಿಲ್ಲ. ಬೆಂಗಳೂರಿನ ಚಳಿಗಾಲದಲ್ಲಿ ನಮಗೆ ಅವರೆಕಾಯಿ ಇದೆ! ಡಿಸೆಂಬರ್, ಜನವರಿಯಲ್ಲಿ ಗಾಂಧಿ ಬಜಾರ್ ಕಡೆ ಹೋದರೆ ಹಿತಕಿದ ಬೇಳೆಯೇ, ಅಂದರೆ ನೆನೆಸಿ ಸಿಪ್ಪೆ ತೆಗೆದ ಅವರೆಕಾಳೇ ಸಿಗುತ್ತದೆ. ಅರ್ಧ ದಿನದ ಕೆಲಸ ಉಳಿಯುತ್ತದೆ.

ನಾಲ್ವರಿಗೆ ಒಂದು ಬಟ್ಟಲು ಹಿತಕಿದ ಬೇಳೆ ಸಾಕು. ದಪ್ಪ ತಳದ ಪಾತ್ರೆಯಲ್ಲಿ 2 ಚಮಚ ಕಡಲೆಕಾಯಿ ಎಣ್ಣೆ ಕಾಯಿಸಿ, ಹೆಚ್ಚಿದ ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಾಡಿಸಿ. ದಯವಿಟ್ಟು ಇಲ್ಲಿ ಅವಸರ ಮಾಡಬೇಡಿ, ಸೂಪಿನ ರುಚಿಯೆಲ್ಲ ಈ ಹತ್ತು ನಿಮಿಷದಲ್ಲೇ ಇದೆ. ಆಮೇಲೆ ಬೇಳೆ, ಕ್ಯಾರೆಟ್, ನವಿಲುಕೋಸು, ಒಂದು ಆಲೂಗಡ್ಡೆ, ಕೊತ್ತಂಬರಿ ಕಡ್ಡಿ, ಒಂದು ಲೀಟರ್ ನೀರು ಹಾಕಿ ಬೇಯಿಸಿ. ಟೊಮೆಟೊ ಈಗಲೇ ಬೇಡ. ಅದರ ಹುಳಿಗೆ ಬೇಳೆಯೂ ಆಲೂಗಡ್ಡೆಯೂ ಬೇಗ ಮೆತ್ತಗಾಗುವುದಿಲ್ಲ. ಎಲ್ಲ ಬೆಂದ ಮೇಲೆ ಎರಡು ಟೊಮೆಟೊ, ಉಪ್ಪು ಸೇರಿಸಿ ಇನ್ನೈದು ನಿಮಿಷ ಕುದಿಸಿ.

ಗಟ್ಟಿಯಾಗಲು ಕಾರ್ನ್ ಫ್ಲೋರ್ ಕದಡುವುದು ನನಗೆ ಒಪ್ಪಿಗೆಯಿಲ್ಲ, ತರಕಾರಿಯ ರುಚಿ ಮಂಕಾಗುತ್ತದೆ. ಬದಲಿಗೆ ಮೂರನೇ ಒಂದು ಭಾಗವನ್ನು ತೆಗೆದು ಕಡೆಗೋಲಿನಿಂದ ಮಸೆದು ಮತ್ತೆ ಪಾತ್ರೆಗೆ ಸುರಿಯಿರಿ. ಕೊನೆಗೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಕುಟ್ಟಿದ ಮೆಣಸು. ಅವರೆಗೆ ಸಬ್ಬಸಿಗೆಗಿಂತ ಒಳ್ಳೆಯ ಜೊತೆ ಇಲ್ಲ. ಒಲೆ ಆರಿಸಿದ ನಂತರವೇ ನಿಂಬೆರಸ ಹಿಂಡಿ.

ಅವರೆಯ ಕಾಲವಲ್ಲದಿದ್ದರೆ ಅರ್ಧ ಬಟ್ಟಲು ಹೆಸರುಬೇಳೆಯನ್ನು ಘಮ ಬರುವಂತೆ ಹುರಿದು ಹಾಕಿ.